ಮೂರು, ನಾಲ್ಕು, ಐದು

ಕಲಬುರಗಿಯ ಮೇ ತಿಂಗಳಲ್ಲಿ ಕಟ್ಟಡದ ಕೆಲಸ ಹಿಡಿಯಬೇಡಿ ಎಂದು ಮನೆಯಲ್ಲಿ ಮೊದಲೇ ಹೇಳಿದ್ದರು. ನಾನು ಕೇಳಲಿಲ್ಲ. ಕಾಲೇಜಿಗೆ ರಜೆ ಇದ್ದಾಗಲೇ ಎದುರಿಗೆ ನಿಂತು ಮಾಡಿಸಬಹುದು ಅನ್ನೋದು ನನ್ನ ವಾದವಾಗಿತ್ತು. ಸೇಡಂ ರಸ್ತೆ ಕಡೆ ಇರುವ ನಮ್ಮ ಹಳೇ ಮನೆಯ ಹಿಂದೆ ಎರಡು ಕೋಣೆ ಎಬ್ಬಿಸುತ್ತಿದ್ದೆವು. ಬೆಳಿಗ್ಗೆ ಆರಕ್ಕೆ ಕೆಲಸ ಶುರು, ಹನ್ನೆರಡಕ್ಕೆ ಬಂದ್. ಮುಂದೆ ನಾಲ್ಕರ ತನಕ ಬೇವಿನ ಮರದ ಕೆಳಗೆ ಮಜ್ಜಿಗೆ ಕುಡಿಯುತ್ತ ಸುಮ್ನೆ ಕೂರೋದು. ಆ ನಾಲ್ಕು ತಾಸಿನಲ್ಲಿ ಒಂದು ದಿನ ನನಗೂ ಅಣ್ಣನಿಗೂ ಜಗಳ ಹತ್ತಿತು.

ಅಣ್ಣ ಅಂದರೆ ದೊಡ್ಡಪ್ಪನ ಮಗ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತನಾದವನು. ಕನ್ನಡದಲ್ಲಿ ಬಂದ ವಿಜ್ಞಾನದ ಪುಸ್ತಕ ಕೈಗೆ ಸಿಕ್ಕರೆ ಬಿಡುವುದಿಲ್ಲ. ನಾನು ಡಿಗ್ರಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುವವನು. ಅವತ್ತು ಅವನು ಐನ್‌ಸ್ಟೈನ್ ಬಗ್ಗೆ ಏನೋ ಓದಿ ಮುಗಿಸಿ ಬಂದಿದ್ದ.

"ಸಾಪೇಕ್ಷತೆ ತಿಳ್ಕೊಳ್ಳಲಕ್ಕ ಗಣಿತ ಬೇಕು ಅಂತೀರಲ್ಲ ನೀವು ಮಾಸ್ತರ ಮಂದಿ, ನಿಮಗೇ ಪೂರ್ತಿ ತಿಳಿದಿರಂಗಿಲ್ಲ. ಅದಕ್ಕ ಗಣಿತದ ಹಿಂದ ಅಡಗಿ ಕೂಡ್ತೀರಿ" ಅಂದ.

ಮಾತು ಚುಚ್ಚಿತು. ಅವನ ಕೈಯಲ್ಲಿದ್ದ ಮೊಬೈಲ್ ತೋರಿಸಿದೆ. "ಇದಕ್ಕ ದಾರಿ ಹೇಳೋ ಜಿಪಿಎಸ್ ಉಪಗ್ರಹ 20,200 ಕಿಲೋಮೀಟರ್ ಮ್ಯಾಲ ಸುತ್ತತದ. ಓಡೋ ಗಡಿಯಾರ ನಿಧಾನ ಆಗ್ತದ, ಇದು ಒಂದು ಕಥಿ. ಎತ್ತರದಾಗಿನ ಗಡಿಯಾರ ಜೋರಾಗಿ ನಡೀತದ, ಇದು ಇನ್ನೊಂದು ಕಥಿ. ಈಗ ಆ ಉಪಗ್ರಹದ ಗಡಿಯಾರ ಜೋರೋ ನಿಧಾನೋ, ಹೇಳು ನೋಡಮ."

ಅಣ್ಣ ಸುಮ್ಮನಾದ. ಎರಡೂ ಕಥೆ ಅವನಿಗೆ ಗೊತ್ತಿದ್ದವು. ಒಂದಕ್ಕೊಂದು ಎದುರು ಎಳೆಯುತ್ತವೆ ಅನ್ನೋದು ಹೊಳೆದಿರಲಿಲ್ಲ. ಓಟದಿಂದ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಎತ್ತರದಿಂದ ಸುಮಾರು 45 ಮುಂದೆ ಹೋಗುತ್ತದೆ. ಕಳೆದರೆ 38 ಮುಂದೆ. ಕಳೆಯದೆ ಗೊತ್ತಾಗೋದು ಹೇಗೆ?

ಅವನು ಸೋಲುವ ಪೈಕಿ ಅಲ್ಲ. ಸೀದಾ 'ಕವಿರಾಜಮಾರ್ಗ'ಕ್ಕೆ ಕೈ ಹಾಕಿದ. ಕನ್ನಡಿಗರು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಅಂತ ಅದರಲ್ಲಿ ಹೇಳಿಲ್ಲವೇ? ಓದದೆ ಕಾವ್ಯ ಬರುತ್ತದಂದರೆ ಗಣಿತ ಇಲ್ಲದೆ ಇದು ಯಾಕೆ ಬರಬಾರದು? ನಾನೂ ಬಿಡಲಿಲ್ಲ. 'ಕವಿರಾಜಮಾರ್ಗ' ಹುಟ್ಟಿದ ಆ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲೇ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನನ್ನು ಎಳೆದು ತಂದೆ. ಚರವೋ ಅಚರವೋ, ಮೂರು ಲೋಕದಲ್ಲಿ ಯಾವ ವಸ್ತುವೂ ಗಣಿತ ಬಿಟ್ಟು ಇಲ್ಲ ಅಂದವನು ಅವನು. ಅಮೋಘವರ್ಷನ ರಾಜಧಾನಿ ಮಳಖೇಡ ನಮ್ಮ ಇದೇ ಸೇಡಂ ರಸ್ತೆ ಹಿಡಿದು ಹೋದರೆ ಸಿಗುತ್ತದೆ. ಒಂದೇ ಊರಿನಿಂದ ಇಬ್ಬರಿಗೂ ಸಾಕ್ಷಿ ಸಿಕ್ಕರೆ ಜಗಳ ಮುಗಿಯೋದುಂಟಾ?

ಗೌಂಡಿ ಕಾಕಾ ಇಷ್ಟು ಹೊತ್ತು ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ ಅಂತ ಕಾಣುತ್ತದೆ. "ಓಡೋ ಗಡಿಯಾರ ಯಾಕ ನಿಧಾನ ಆಗ್ತದ್ರಿ ಸರ್?" ಅಂತ ಮಲಗಿದಲ್ಲಿಂದಲೇ ಕೇಳಿದರು.

ಬೆಳಿಗ್ಗೆ ಅವರು ಕೋಣೆಯ ಮೂಲೆ ಹಿಡಿದದ್ದು ನೆನಪಾಯಿತು. ಒಂದು ಕಡೆ ದಾರ ಕಟ್ಟಿ ಮೂರು ಫೂಟಿಗೆ ಗುರುತು, ಇನ್ನೊಂದು ಕಡೆ ನಾಲ್ಕು ಫೂಟಿಗೆ. ಎರಡು ಗುರುತಿನ ನಡುವೆ ಸರಿಯಾಗಿ ಐದು ಫೂಟು ಬಂದರೆ ಮೂಲೆ ನೆಟ್ಟಗಿದೆ ಅಂತ ಲೆಕ್ಕ. ಇಟ್ಟಿಗೆ ಚೂರು ತಗೊಂಡು ಅಂಗಳದ ಶಹಾಬಾದ್ ಫರಸಿ ಮೇಲೆ ಅದನ್ನೇ ಬರೆದೆ.

"ಕಾಕಾ, ಇದು ರೈಲಿನ ಡಬ್ಬಿ ಅಂತ ತಿಳೀರಿ. ನೆಲದಾಗೊಂದು ಕನ್ನಡಿ, ಮ್ಯಾಲೊಂದು ಕನ್ನಡಿ. ನಡುವ ನಾಕು ಅಳತಿ. ಬೆಳಕು ಕೆಳಗಿಂದ ಮ್ಯಾಲ ಹೋದ್ರ ಗಡಿಯಾರ ಒಮ್ಮಿ ಟಿಕ್ ಅಂತದ. ಡಬ್ಬಿಯಾಗ ಕುಂತವನಿಗಿ ಬೆಳಕು ನೆಟ್ಟಗ ಮ್ಯಾಲ ಹೋದಂಗ ಕಾಣ್ತದ. ನಾವು ಪ್ಲಾಟ್‌ಫಾರ್ಮ್ ಮ್ಯಾಲ ನಿಂತೀವಿ. ಬೆಳಕು ಮ್ಯಾಲ ಮುಟ್ಟೋದ್ರಾಗ ಡಬ್ಬಿ ಮೂರು ಅಳತಿ ಮುಂದ ಹೋಯ್ತು. ನಮ್ಮ ಕಣ್ಣಿಗಿ ಬೆಳಕು ಎಷ್ಟು ದೂರ ಹೋದಂಗ?"

"ಐದು" ಅಂದರು. ಲೆಕ್ಕ ಮಾಡಲಿಲ್ಲ, ಚಿತ್ರವನ್ನೂ ಸರಿಯಾಗಿ ನೋಡಲಿಲ್ಲ. ಆಮೇಲೆ ಎದ್ದು ಕೂತರು. "ಓಡೋ ಗಾಡ್ಯಾಗ ಚೆಂಡು ಒಗೆದ್ರ ಗಾಡಿ ಓಟನೂ ಚೆಂಡಿಗಿ ಕೂಡ್ತದಲ್ರಿ? ದೂರ ಜಾಸ್ತಿ ಆದ್ರ ಓಟನೂ ಜಾಸ್ತಿ ಆಗ್ತದ. ಹೊತ್ತು ಅಷ್ಟೇ ಉಳೀತದ."

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಹುಡುಗರು ಮೂರೋ ನಾಲ್ಕೋ ಮಂದಿ ಇರಬಹುದು. ಇಡೀ ಸಂಗತಿ ನಿಂತಿರೋದೇ ಇಲ್ಲಿ. ಬೆಳಕಿಗೆ ಯಾರ ಓಟವೂ ಕೂಡುವುದಿಲ್ಲ. ಡಬ್ಬಿಯವನು ಅಳೆದರೂ ನಾವು ಅಳೆದರೂ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್, ಅಷ್ಟೇ. ಹೇಳಿದೆ.

ಕಾಕಾ ಫರಸಿಯನ್ನೇ ನೋಡುತ್ತ ಕೂತರು. "ಹಂಗಾದ್ರ ನಾಕ ದಾರ ಅಳಿಯೋ ಹೊತ್ತು ಅವಂದು, ಐದ ದಾರ ಅಳಿಯೋ ಹೊತ್ತು ನಮ್ದು" ಅಂದರು. ಸ್ವಲ್ಪ ತಡೆದು, "ಅವ ಅಲ್ಲಿ ಕೂಲಿ ಮಾಡಿದ್ರ ಪಗಾರ ನಾಕ ದಿನದ್ದೋ ಐದ ದಿನದ್ದೋ?"

ನಾಲ್ಕು ದಿನದ್ದು, ಅವನ ಮೈ ದಣಿದಿದ್ದು ಅಷ್ಟೇ ಎಂದೆ. ಒಪ್ಪಿದರು.

ಅಣ್ಣನಿಗೆ ಹಬ್ಬ. "ನೋಡ್ದಿ? ಗಣಿತ ಎಲ್ಲಿ ಬಂತು?" ಇದು ಪೈಥಾಗೋರಸ್ ಪ್ರಮೇಯ, ಒಂಬತ್ತಕ್ಕೆ ಹದಿನಾರು ಕೂಡಿದರೆ ಇಪ್ಪತ್ತೈದು ಅಂತ ನಾನು ಕೂಗಿದೆ. ಕಾಕಾ ಕೈ ಅಡ್ಡ ಆಡಿಸಿದರು. "ನಂಗ ಗಣಿತ ಬರಂಗಿಲ್ರಿ. ಅಳತಿ ಬರ್ತದ."

ಮಜ್ಜಿಗೆ ಇನ್ನೊಂದು ಸುತ್ತು ಬಂತು. ಐನ್‌ಸ್ಟೈನ್ 1907ರಲ್ಲಿ ಬರ್ನ್ ಊರಿನ ಪೇಟೆಂಟ್ ಆಫೀಸಿನಲ್ಲಿ ಕೂತಿದ್ದಾಗ, ಬೀಳುವವನಿಗೆ ತನ್ನ ಭಾರವೇ ಗೊತ್ತಾಗುವುದಿಲ್ಲ ಅಂತ ಹೊಳೆಯಿತಂತೆ ಎಂದು ಅಣ್ಣ ಓದಿದ್ದನ್ನು ಹೇಳಿದ. ಕಾಕಾ ನಕ್ಕರು. "ನಾ ಬಿದ್ದೀನ್ರಿ. ಎರಡನೇ ಮಾಳಿಗಿಯಿಂದ. ಮಾಲಿನ ಬುಟ್ಟಿ ಕೈಯಾಗೇ ಇತ್ತು. ಹಿಡ್ದಂಗೇ ಅನಿಸಲಿಲ್ಲ. ನನ್ನ ಜೋಡಿನೇ ಬಂತು." ಕೆಳಗೆ ಉಸುಕಿನ ರಾಶಿ ಇದ್ದದ್ದಕ್ಕೆ ಉಳಿದರಂತೆ. ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತಾರೆ. ಅದರ ಕಾರಣ ನಾನು ಯಾವತ್ತೂ ಕೇಳಿರಲಿಲ್ಲ.

ಆದರೆ ಈ ಬೀಳುವ ಕಥೆಯೇ ನನ್ನ ಕೈಗೆ ಒಳ್ಳೇ ಅಸ್ತ್ರ ಕೊಟ್ಟಿತು. ಆ ಹೊಳಹನ್ನು ಹಿಡಿದು ಐನ್‌ಸ್ಟೈನ್ 1911ರಲ್ಲಿ ಒಂದು ಲೆಕ್ಕ ಹಾಕಿದ್ದ. ಸೂರ್ಯನ ಪಕ್ಕ ಹಾದು ಬರುವ ನಕ್ಷತ್ರದ ಬೆಳಕು ಎಷ್ಟು ಬಾಗುತ್ತದೆ ಅಂತ. ಬಂದ ಉತ್ತರ ಸರಿಯಾದದ್ದರ ಅರ್ಧ. 1914ರ ಗ್ರಹಣದಲ್ಲಿ ಅದನ್ನು ಅಳೆಯಲು ಜರ್ಮನಿಯಿಂದ ಒಂದು ತಂಡ ಕ್ರಿಮಿಯಾಕ್ಕೆ ಹೋಗಿತ್ತು. ಅಷ್ಟರಲ್ಲಿ ಯುದ್ಧ ಶುರುವಾಯಿತು, ರಷ್ಯಾದವರು ಅವರನ್ನು ಹಿಡಿದು ಹಾಕಿದರು. ಅಳೆದಿದ್ದರೆ ಐನ್‌ಸ್ಟೈನ್ ತಪ್ಪು ಅಂತ ಬರುತ್ತಿತ್ತು. ಬಾಗಿದ ಜಾಗದ ಗಣಿತ ಅವನಿಗೆ ಆಗ ಬರುತ್ತಿರಲಿಲ್ಲ. 1912ರಲ್ಲಿ ಹಳೇ ಸಹಪಾಠಿ ಗ್ರಾಸ್‌ಮನ್ ಹತ್ತಿರ ಹೋಗಿ ಸಹಾಯ ಕೇಳಿದ. ಗಣಿತದ ಸೂಕ್ಷ್ಮಗಳನ್ನು ಇಷ್ಟು ದಿನ ಬರೀ ಶೋಕಿ ಅಂದುಕೊಂಡಿದ್ದೆ ಎಂದು ಅದೇ ವರ್ಷ ಒಂದು ಪತ್ರದಲ್ಲಿ ಒಪ್ಪಿಕೊಂಡ. 1915ರಲ್ಲಿ ಪೂರ್ತಿ ಸಮೀಕರಣ ಸಿಕ್ಕಿತು, ಉತ್ತರ ಎರಡು ಪಟ್ಟಾಯಿತು. 1919ರ ಮೇ 29ರ ಗ್ರಹಣದಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ಮತ್ತು ಜೊತೆಯವರು ಅಳೆದದ್ದು ಈ ಹೊಸ ಉತ್ತರದ ಕಡೆಗೇ ವಾಲಿತು.

"ಹೊಳಹು ಅವಂದೇ, ಬುದ್ಧಿ ಅವಂದೇ. ಆದ್ರೂ ಬರೇ ಹೊಳಹಿಗಿ ಅರ್ಧ ಸಿಕ್ತು" ಎಂದೆ. ಇಲ್ಲಿಗೆ ಗೆದ್ದೆ ಅಂದುಕೊಂಡೆ.

ಅಣ್ಣ ಬೀಡಿ ಹಚ್ಚಿದ. "ಆಯ್ತು. ನಂದೊಂದು ಸಣ್ಣ ಪ್ರಶ್ನಿ. ರೈಲಿನವನ ಗಡಿಯಾರ ನಮಗ ನಿಧಾನ ಕಾಣ್ತದ. ರೈಲಿನವ ತಾ ನಿಂತೀನಿ, ಭೂಮಿ ಹಿಂದ ಓಡ್ತದ ಅಂತಾನ. ಅವನಿಗಿ ನಮ್ಮ ಗಡಿಯಾರ ನಿಧಾನ. ಒಬ್ಬನ ಗಡಿಯಾರ ಇನ್ನೊಬ್ಬಂದಕ್ಕಿಂತ ನಿಧಾನ, ಅದೂ ಇದಕ್ಕಿಂತ ನಿಧಾನ. ಹ್ಯಾಂಗ?"

ಇಟ್ಟಿಗೆ ಚೂರು ತಗೊಂಡು, ಒಬ್ಬನ ಅಳತೆಯಿಂದ ಇನ್ನೊಬ್ಬನ ಅಳತೆ ತೆಗೆಯುವ ಲೊರೆಂಟ್ಜ್ ಸೂತ್ರ ಬರೆದೆ. ಚಿಹ್ನೆ ಬದಲಿಸಿ ಇನ್ನೊಮ್ಮೆ ಬರೆದೆ. ಎರಡೂ ಸರಿ ಬಂದವು. "ಬಂತು, ನೋಡು."

"ಬಂತು, ಖರೇ. ಹ್ಯಾಂಗ ಅಂತ ಕೇಳ್ಲತ್ತೀನಿ."

ಬಾಯಿ ಕಟ್ಟಿತು. ಸೂತ್ರ ಹಾಗೆ ಹೇಳುತ್ತದೆ ಅನ್ನೋದು ಬಿಟ್ಟು ನನ್ನ ಹತ್ತಿರ ಇನ್ನೇನೂ ಇರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕೇಳದ್ದಕ್ಕೆ ನಾನೂ ಕೇಳಿಕೊಂಡಿರಲಿಲ್ಲ. ಪುಣ್ಯಕ್ಕೆ ನಾಲ್ಕು ಗಂಟೆಯಾಗಿ ಕಾಕಾ ಎದ್ದರು. ಮಾಲು ಕಲಸುವ ಸದ್ದಿನಲ್ಲಿ ಮಾತು ಅಲ್ಲಿಗೇ ನಿಂತಿತು.

ರಾತ್ರಿ ನಿದ್ದೆ ಬರಲಿಲ್ಲ. ಸೆಕೆಯೂ ಇತ್ತು. ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು, ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅದೇ ಮೂರು ನಾಲ್ಕು ಐದು ಇಟ್ಟುಕೊಂಡು ಕೂತೆ. ಸೂತ್ರ ಬರೆಯಬಾರದು ಅಂತ ನನಗೆ ನಾನೇ ಆಣೆ ಹಾಕಿಕೊಂಡೆ.

ಬೆಳಿಗ್ಗೆ ಅಣ್ಣ ಬರುತ್ತಲೇ ಹಾಳೆ ಮುಂದಿಟ್ಟೆ. ಕಲಬುರಗಿ ಸ್ಟೇಷನ್ನಿನಲ್ಲೊಂದು ಗಡಿಯಾರ, ವಾಡಿ ಸ್ಟೇಷನ್ನಿನಲ್ಲೊಂದು. ಎರಡೂ ನಮ್ಮ ಪ್ರಕಾರ ಸರಿಯಾಗಿ ಕೂಡಿಸಿಟ್ಟವು. ರೈಲಿನ ಓಟ ಬೆಳಕಿನ ಓಟದ ಐದರಲ್ಲಿ ಮೂರು ಭಾಗ. ಕಲಬುರಗಿ ದಾಟುವಾಗ ಇಲ್ಲಿಯ ಗಡಿಯಾರ ಸೊನ್ನೆ, ರೈಲಿನದೂ ಸೊನ್ನೆ. ವಾಡಿ ದಾಟುವಾಗ ಅಲ್ಲಿಯ ಗಡಿಯಾರ 5 ಸೆಕೆಂಡ್, ರೈಲಿನದು 4. (ಇದಕ್ಕೆ ವಾಡಿ ಒಂಬತ್ತು ಲಕ್ಷ ಕಿಲೋಮೀಟರ್ ಆಚೆ ಇರಬೇಕು. ಚಂದ್ರನ ಎರಡು ಪಟ್ಟಿಗಿಂತ ದೂರ. ವಾಡಿಯವರು ಕ್ಷಮಿಸಬೇಕು.)

"ಈಗ ರೈಲಿನವನ ಮಾತು ಕೇಳು. ಅವನಿಗಿ ವಾಡಿ ಗಡಿಯಾರ ನಿಧಾನ. ಅದೇ ಐದಕ್ಕ ನಾಕರ ಲೆಕ್ಕ ಹಿಡಿದ್ರ, ಅವನ 4 ಸೆಕೆಂಡಿನಾಗ ಅದು ಬರೇ 3.2 ನಡೀತು. ಆದ್ರ ವಾಡಿ ಮುಟ್ಟಿದಾಗ ಅದು 5 ತೋರಿಸ್ತು, ಅದನ್ನ ಅವನೂ ಕಣ್ಣಾರ ನೋಡ್ಯಾನ. ಉಳಿದ 1.8 ಎಲ್ಲಿಂದ ಬಂತು?"

ಅಣ್ಣ ಕನ್ನಡಕ ಹಾಕಿಕೊಂಡ. ಮೂರು ಅಂಕಿಗಳ ಮೇಲೆ ಬೆರಳು ಆಡಿಸಿದ. ಸಂಜೆ ಐದರ ಮೇಲೆ ಕೌಂಟರ್ ಹಿಂದೆ ಹಣ ಎಣಿಸುವಾಗ ಅವನ ಮುಖ ಹೀಗೇ ಇರುತ್ತಿತ್ತು.

"ಅವನ ಪ್ರಕಾರ ವಾಡಿ ಗಡಿಯಾರ ಶುರುವಿಗೇ ಮುಂದಿತ್ತು" ಅಂದ. "1.8 ಓಪನಿಂಗ್ ಬ್ಯಾಲೆನ್ಸ್."

ಅಷ್ಟೇ. ರೈಲು ಕಲಬುರಗಿ ದಾಟುವ ಆ ಗಳಿಗೆಯಲ್ಲಿ ವಾಡಿಯಲ್ಲಿ ಎಷ್ಟು ಹೊತ್ತಾಗಿತ್ತು ಅನ್ನೋದರಲ್ಲೇ ಇಬ್ಬರಿಗೂ ಭಿನ್ನಾಭಿಪ್ರಾಯ. ನಮಗೆ ಸೊನ್ನೆ, ಅವನಿಗೆ 1.8. ದೂರದ ಜಾಗದ 'ಈಗ' ಅನ್ನೋದು ಇಬ್ಬರಿಗೂ ಒಂದೇ ಅಲ್ಲ. ಅದಕ್ಕೇ ಇಬ್ಬರೂ ಎದುರಿನವನ ಗಡಿಯಾರ ನಿಧಾನ ಅಂದರೂ ಜಗಳ ಹುಟ್ಟುವುದಿಲ್ಲ. 1.8ಕ್ಕೆ 3.2 ಕೂಡಿದರೆ 5.

"ಟ್ಯಾಲಿ ಆಯ್ತಲ್ಲ!" ಅಂತ ಅಣ್ಣ ಹಾಳೆ ಮಡಚಿ ಅಂಗಿ ಕಿಸೆಗೆ ಹಾಕಿಕೊಂಡ.

ಈಗಲಾದರೂ ಒಪ್ಪುತ್ತಾನೆ ಅಂತ ಕಾದೆ. "ಗಣಿತ ಇಲ್ದೇ ತಿಳೀತೇನು ಮತ್ತ?"

"ಏ ತಮ್ಮಾ, ಇದು ಎಲ್ಲಿ ಗಣಿತ? ಕೂಡೋದು, ಕಳಿಯೋದು. ಇದು ಲೆಕ್ಕ."

ಕಾಕಾ ಮೂಲೆಯಲ್ಲಿ ದಾರ ಹಿಡಿದು ನಿಂತಿದ್ದರು. ನನ್ನ ಪರವಾಗಿ ಏನಾದರೂ ಹೇಳುತ್ತಾರೇನೋ ಅಂತ ಅವರ ಕಡೆ ನೋಡಿದೆ. ಅವರಿಗೆ ಸಿಮೆಂಟಿನ ಚಿಂತೆ. ಇನ್ನು ಎರಡೇ ಚೀಲ ಉಳಿದಿದೆ, ಹನ್ನೆರಡರೊಳಗೆ ತರಿಸದಿದ್ದರೆ ಸಂಜೆ ಕೆಲಸ ನಿಲ್ಲುತ್ತದೆ ಎಂದರು.