ಅಂಬಾ ಅನ್ನುವುದಕ್ಕೆ ಎಷ್ಟು ಮಾತ್ರೆ?

ಸಣ್ಣ ಮಕ್ಕಳು ಗಟ್ಟಿಯಾಗಿ ಪುಸ್ತಕ ಓದುವುದನ್ನು ಕೇಳಿದ್ದೀರಾ? ಯಾವ ಊರಿಗೆ ಹೋದರೂ ಒಂದೇ ರಾಗ. "ಕರೂಊ ಅಮ್ಮನನ್ನೂಊ ಹುಡುಕಿತೂಊ." ಮಗ್ಗಿ ಒಪ್ಪಿಸುವ ರಾಗ ಅದು. ಪಾಪ, ಕರುವಿಗೆ ಅಮ್ಮ ಸಿಗುತ್ತಿಲ್ಲ, ಓದುವವನಿಗೆ ಅದರ ಗೊಡವೆಯೇ ಇಲ್ಲ.

ತೀರ್ಥಹಳ್ಳಿ ಕಡೆ ಒಂದು ಪುಟ್ಟ ಶಾಲೆಯಲ್ಲಿ ನಾನು ಟೀಚರ್. ನಲಿ-ಕಲಿ ಅಲ್ವಾ, ಒಂದರಿಂದ ಮೂರನೇ ಕ್ಲಾಸಿನವರೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಹೋದ ವರ್ಷ ಈ ರಾಗ ಬಿಡಿಸಲೇಬೇಕು ಅಂತ ಹಟಕ್ಕೆ ಬಿದ್ದು ಪ್ರಾಣಿಮರಿಗಳ ಕಥೆ ಶುರು ಮಾಡಿದೆ. ಮರಿಗಳೇ ಯಾಕೆ ಅಂದರೆ, ಹಸಿವು, ಹೆದರಿಕೆ, ಅಮ್ಮ ಎಲ್ಲಿ ಹೋದಳು ಅನ್ನುವ ಚಿಂತೆ, ಇದನ್ನೆಲ್ಲ ಆರು ವರ್ಷದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ದಿನ "ಭಾವ ತುಂಬಿ ಓದಿ" ಅಂದೆ. ಒಬ್ಬ ಹುಡುಗ ಎದ್ದು ನಿಂತು "ನಮ್ಮ ಭಾವ ಸಾಗರದಲ್ಲಿದಾರೆ ಟೀಚರ್" ಅಂದ. ಸರಿ, ಆ ಮಾತು ಅಲ್ಲಿಗೇ ಬಿಟ್ಟೆ. ಆಮೇಲೆ ಪ್ರಾಣಿಗಳ ದನಿ ಅನುಕರಣೆ ಮಾಡಿಸಿದೆ, ಅದು ಇನ್ನೂ ದೊಡ್ಡ ತಪ್ಪು. ಬೆಕ್ಕಿನ ಮರಿಯ ಕಥೆ ದಿನ ಇಪ್ಪತ್ತು ಮಕ್ಕಳು ಸೇರಿ ಮಿಯಾಂವ್ ಅಂದ ಅಬ್ಬರಕ್ಕೆ ಪಕ್ಕದ ಕೋಣೆಯ ಮೇಷ್ಟ್ರು ಬಂದು ಇಣುಕಿ ಹೋದರು. ಮಿಯಾಂವ್ ಚೆನ್ನಾಗಿ ಬಂತು. ಮರಿಗೆ ಏನಾಗಿತ್ತು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ.

ನಮ್ಮ ಜಿಲ್ಲೆಯಲ್ಲಿ ಓದುವುದೇ ಒಂದು ಕಲೆ ಅನ್ನುವುದು ನನಗೆ ಆಗ ನೆನಪಾಯಿತು. ಶಿವಮೊಗ್ಗದ ಹತ್ತಿರ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ತಾಳದ ಕಟ್ಟೂ ಇಲ್ಲ. ಪದ ಎಲ್ಲಿ ಬಿಡಿಸಬೇಕು, ಎಲ್ಲಿ ನಿಲ್ಲಬೇಕು, ಯಾವುದನ್ನು ಎತ್ತಿ ಹೇಳಬೇಕು ಅನ್ನುವುದರಲ್ಲೇ ಎಲ್ಲ ಇರುತ್ತದೆ. ಮಕ್ಕಳಿಗೆ ನಾನು ರಾಗ ಕಲಿಸಲಿಲ್ಲ, ಅದು ನನಗೂ ಬರುವುದಿಲ್ಲ. ನಿಲ್ಲುವುದನ್ನು ಕಲಿಸಿದೆ.

"ಹೇಂಟೆ ತಲೆ ಎತ್ತಿತು." ಇಲ್ಲಿ ನಿಲ್ಲಿ. ಮನಸ್ಸಿನಲ್ಲೇ ಒಂದು, ಎರಡು ಎಣಿಸಿ. "ಮೇಲೆ ಹದ್ದು." ಅಷ್ಟೇ. ಕಾಳು ಸಿಕ್ಕಾಗ ಹೇಂಟೆ ಮರಿಗಳನ್ನು ಕರೆಯುವ ದನಿಯೇ ಬೇರೆ, ಹದ್ದು ಕಂಡಾಗ ಹಾಕುವ ಕೂಗೇ ಬೇರೆ. ಮನೆಯಲ್ಲಿ ಕೋಳಿ ಸಾಕಿದವರ ಮಕ್ಕಳಿಗೆ ಇದು ನನಗಿಂತ ಜಾಸ್ತಿ ಗೊತ್ತು. ಆ ಎರಡು ಎಣಿಕೆಯಲ್ಲಿ ಕೋಣೆ ಎಷ್ಟು ಸದ್ದಿಲ್ಲದೆ ಕೂರುತ್ತದೆ ಅಂದರೆ, ಬೆತ್ತ ಹಿಡಿದ ಕಾಲದಲ್ಲೂ ಹಾಗೆ ಕೂತಿರಲಿಕ್ಕಿಲ್ಲ.

ಇನ್ನೊಂದು ಆಟ. ಅಮ್ಮ ಬಂದಳು. ಅಮ್ಮನೇ ಬಂದಳು. ಅಮ್ಮ ಬಂದಳಾ? ಅಮ್ಮ ಬಂದಳಂತೆ. ಕನ್ನಡದಲ್ಲಿ ಭಾವದ ಅರ್ಧ ಕೆಲಸವನ್ನು ಕೊನೆಗೆ ಸೇರುವ 'ಏ', 'ಆ', 'ಅಂತೆ'ಗಳೇ ಮಾಡಿಬಿಡುತ್ತವೆ. ಜಗಲಿಯಲ್ಲಿ ಜಗಳ ಆಡುವಾಗ ಇದೇ ಮಕ್ಕಳು ಒಂದನ್ನೂ ತಪ್ಪಿಸುವುದಿಲ್ಲ, ಪುಸ್ತಕ ಕೈಗೆ ಬಂದ ಕೂಡಲೇ ಎಲ್ಲ ಮಾಯ. ವ್ಯಾಕರಣದ ಮಾತ್ರೆಗಳನ್ನೂ ಹೀಗೇ ಹೇಳಿಕೊಟ್ಟೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ದೂರದಿಂದ ಕರೆಯುವಾಗ ಎಳೆಯುವ ಪ್ಲುತಕ್ಕೆ ಮೂರು. ಕೊಟ್ಟಿಗೆಯಲ್ಲಿ ಕಟ್ಟಿದ ಕರು ಗುಡ್ಡಕ್ಕೆ ಮೇಯಲು ಹೋದ ತಾಯಿಯನ್ನು ಕೂಗುವ 'ಅಂಬಾ' ಎಷ್ಟು ಮಾತ್ರೆ? "ಐದು ಟೀಚರ್, ಹಸಿವಾಗಿದ್ದರೆ ಆರು" ಅಂದಳು ಒಬ್ಬಳು. ಕೊಟ್ಟೆ ಅಂಕ.

ಎಲ್ಲರಿಗೂ ಇಷ್ಟವಾದದ್ದು ಆನೆಮರಿ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಬಂದವರು ನಾಲ್ಕೈದು ಮಂದಿ ಇದ್ದರು. ಹುಟ್ಟುವಾಗಲೇ ಸುಮಾರು 100 ಕೆ.ಜಿ. ಇರುತ್ತದೆ, ಆದರೆ ಸೊಂಡಿಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ, ಮೊದಲ ಕೆಲವು ತಿಂಗಳು ಬಾಯಿ ಹಾಕಿಯೇ ನೀರು ಕುಡಿಯುತ್ತದೆ. ಕಥೆಯಲ್ಲಿ ಮರಿ ತನ್ನ ಸೊಂಡಿಲನ್ನು ತಾನೇ ತುಳಿದು "ಇದು ನನ್ನದಾ?" ಅನ್ನುತ್ತದೆ. ಆ ಎರಡು ಪದವನ್ನು ಒಬ್ಬ ಅನುಮಾನದಲ್ಲಿ ಓದಿದ, ಒಬ್ಬಳು ಖುಷಿಯಲ್ಲಿ, ಇನ್ನೊಬ್ಬ ಅಂಗಡಿಯಲ್ಲಿ ಚೌಕಾಸಿ ಮಾಡುವವನ ಹಾಗೆ. ಯಾವುದು ಸರಿ ಅಂತ ಅರ್ಧ ಗಂಟೆ ವಾದ ನಡೆಯಿತು. ಓದಿಗಿಂತ ಆ ವಾದವೇ ನನಗೆ ಮುಖ್ಯ ಅನ್ನಿಸಿತು.

ಜುಲೈಯಲ್ಲಿ ಮಳೆ ಹಿಡಿದರೆ ನಮ್ಮ ಶೀಟಿನ ಮಾಡಿನ ಕೆಳಗೆ ಯಾರ ದನಿಯೂ ಕೇಳುವುದಿಲ್ಲ. ಅಂಥ ದಿನ ಎಲ್ಲರೂ ತಲೆಗೆ ತಲೆ ತಾಗಿಸಿ ಕೂತು ಪಿಸುದನಿಯಲ್ಲಿ ಓದುತ್ತೇವೆ. ಹಾಗೆ ಒಂದು ದಿನ ಎರಡನೇ ಕ್ಲಾಸಿನ ಹುಡುಗಿ, ಬಾಯಿ ಬಿಡುವುದೇ ಕಡಿಮೆ, ಕರುವಿನ ಕಥೆ ಓದುತ್ತಿದ್ದಳು. "ಕರು ಏಳಲು ನೋಡಿತು. ಆಗಲಿಲ್ಲ." ನಿಂತಳು. ಭೇಷ್ ಅಂದುಕೊಂಡು ನಾನು ಎರಡು ಎಣಿಸಿದೆ. ಹತ್ತಾಯಿತು. ಅವಳು ಪುಟ ನೋಡುತ್ತಲೇ ಇದ್ದಾಳೆ, ಪಕ್ಕದವರೂ ತುಟಿ ಬಿಚ್ಚಲಿಲ್ಲ.

"ನಮ್ಮನೆ ಗಿಡ್ಡ ದನದ ಕರು ನಿಂತಿತು ಟೀಚರ್, ಇವತ್ತು ಬೆಳಿಗ್ಗೆ" ಅಂದಳು. ಆಮೇಲೆ ಮುಂದಿನ ಸಾಲು ಓದಿದಳು.

ಮಾರನೇ ದಿನ ಅವಳ ಡಬ್ಬಿಯಲ್ಲಿ ನನಗೊಂದು ತುಂಡು ಗಿಣ್ಣು ಬಂತು. ಏಲಕ್ಕಿ ಸ್ವಲ್ಪ ಜಾಸ್ತಿಯಾಗಿತ್ತು.