ಅಕ್ಕೋರೇ, ಜೋಯಿಡಾ ಯಾಕೆ ಬಿಟ್ಟು ಬಂದ್ರಿ?

ಉತ್ತರ ಕನ್ನಡದ ಕಾಡಿನ ತಾಲೂಕು ಜೋಯಿಡಾದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ನಾನು ವರ್ಗಾವಣೆಯಾಗಿ ಶಿರಸಿ ಕಡೆಗೆ ಬಂದದ್ದು 2024ರಲ್ಲಿ. ಇವತ್ತಿಗೂ ಬಸ್‌ಸ್ಟ್ಯಾಂಡ್, ಮದುವೆ ಮನೆ, ಮಾರಿಕಾಂಬಾ ದೇವಸ್ಥಾನ, ಎಲ್ಲಿ ಸಿಕ್ಕಿದರೂ ಜನ ಕೇಳುವುದು ಇದನ್ನೇ. ‘ಅಕ್ಕೋರೇ, ಜೋಯಿಡಾ ಯಾಕೆ ಬಿಟ್ಟು ಬಂದ್ರಿ? ಅಲ್ಲಿ ಮಾಸ್ತರು ಯಾರೂ ನಿಲ್ಲೋದಿಲ್ವಂತಲ್ಲ?’ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು ಉತ್ತರವನ್ನೂ ತಾವೇ ಹೇಳಿದರು. ‘ಕಾಡಿನ ಮಕ್ಕಳು. ತಲೆಗೆ ಹತ್ತೋದಿಲ್ಲ. ಬೇಜಾರು ಬಂದು ಬಿಟ್ರಿ, ಅಲ್ವಾ?’ ಎಲೆಯ ಮೇಲಿದ್ದ ಹೋಳಿಗೆ ಮುಟ್ಟುವ ಮನಸ್ಸೇ ಆಗಲಿಲ್ಲ. ಅವತ್ತು ಸುಮ್ನೆ ಎದ್ದು ಬಂದೆ. ಇವತ್ತು ಸುಮ್ಮನಿರುವುದಿಲ್ಲ. ರಾಯರೇ, ನೀವು ಹೇಳಿದ್ದು ತಪ್ಪು.

ನಮ್ಮ ಶಾಲೆಯ ಮಕ್ಕಳು ಹೆಚ್ಚಿನವರು ಕುಣಬಿಗಳು, ಅಲ್ಲಿನ ಕಾಡಿನ ನಡುವೆ ಬೇಸಾಯ ಮಾಡಿಕೊಂಡಿರುವ ಸಮುದಾಯದವರು. ಮನೆಯಲ್ಲಿ ಆಡುವುದು ಕೊಂಕಣಿ. ಮೊದಲ ವಾರ ನಲಿಕಲಿ (ಚಿಕ್ಕ ತರಗತಿಗಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಕಾರ್ಡಿನಲ್ಲಿ ಮಾವಿನ ಹಣ್ಣಿನ ಚಿತ್ರ ತೋರಿಸಿ ‘ಇದೇನು?’ ಅಂದೆ. ಒಬ್ಬ ಹುಡುಗ ಎದ್ದು ನಿಂತು ‘ಆಂಬೊ’ ಅಂದ. ‘ಮಾ’ ಅಕ್ಷರ ಕಲಿಸಬೇಕಾದ ಕಾರ್ಡು ಅದು. ಅವನ ಉತ್ತರ ಸರಿಯೇ ಇತ್ತು. ಅವನ ಭಾಷೆ ನನಗೆ ಬರುತ್ತಿರಲಿಲ್ಲ. ಆರು ತಿಂಗಳು ಹಿಡಿದು ನಾನು ಕೊಂಕಣಿ ಕಲಿತೆ. ಅವರು ಅದಕ್ಕಿಂತ ಬೇಗ ಕನ್ನಡ ಕಲಿತರು. ಹೀಗಿರುವಾಗ ತಲೆಗೆ ಹತ್ತೋದಿಲ್ಲ ಅಂದರೆ ಹೇಗೆ?

ಇನ್ನು ಕೆಲವರು ಮಳೆಗಾಲದಲ್ಲಿ ರಕ್ತ ಹೀರುವ ಉಂಬಳಕ್ಕೆ ಹೆದರಿ ಓಡಿಬಂದೆ ಅಂದುಕೊಂಡಿದ್ದಾರೆ. ಒಂಬತ್ತು ಮಳೆಗಾಲ ಅಲ್ಲಿದ್ದವಳು ನಾನು. ಉಂಬಳಕ್ಕೆ ಸುಣ್ಣ ಸಾಕು.

ಬಿಟ್ಟ ಕಾರಣ ಬೇರೆ. ನಮ್ಮದು ಒಂದರಿಂದ ಐದನೇ ತರಗತಿವರೆಗಿನ ಶಾಲೆ. ಮಕ್ಕಳು 14. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಕೊನೆಯ ನಾಲ್ಕು ವರ್ಷ ಕಾಯಂ ಶಿಕ್ಷಕಿ ಅಂತ ಇದ್ದವಳು ನಾನೊಬ್ಬಳೇ. ಐದು ತರಗತಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮತದಾರರ ಪಟ್ಟಿ ಕೆಲಸ ಎಲ್ಲಾ ನನ್ನದೇ. ತಾಲೂಕಿನಲ್ಲಿ ಮೀಟಿಂಗ್ ಇದ್ದ ದಿನ ಪಾಠ ಇಲ್ಲ. ಮಕ್ಕಳು ಕಾಡು ದಾಟಿ ಬಂದು, ಊಟ ಮಾಡಿ ವಾಪಸ್ ಹೋಗುತ್ತಿದ್ದರು. ಊರಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು.

2023ರ ಜುಲೈನ ಒಂದು ದಿನ. ಜಡಿಮಳೆ. ಎರಡನೇ ತರಗತಿಯ ಹುಡುಗಿಗೆ ಜ್ವರ ಏರಿ ಮೈ ಸುಡುತ್ತಿತ್ತು. ಅಡುಗೆಯ ಅಕ್ಕ ಅವತ್ತು ಬಂದಿರಲಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಅವಳ ತಾಯಿ ಹಳ್ಳದ ಆಚೆ ನಾಟಿಗೆ ಹೋಗಿದ್ದಳು. ನಾನು ಹೋದರೆ ಉಳಿದ ಮಕ್ಕಳನ್ನು ನೋಡುವವರಿಲ್ಲ. ಕೊನೆಗೆ ಐದನೇ ತರಗತಿಯ ಇಬ್ಬರು ಹುಡುಗರನ್ನು ಕಳಿಸಿದೆ. ಅವರು ಅಂಗಳ ದಾಟಿದ ಮೇಲೆ ನೆನಪಾಯಿತು, ಹಳ್ಳಕ್ಕೆ ಇರುವುದು ಕಾಲುಸಂಕ, ಒಬ್ಬರು ನಡೆಯುವಷ್ಟೇ ಅಗಲದ ಸೇತುವೆ. ಕೂಗಿದೆ. ಮಳೆ ಸದ್ದಿಗೆ ಅವರಿಗೆ ಕೇಳಲಿಲ್ಲ. ಜ್ವರದ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಬಾಗಿಲಲ್ಲಿ ಕೂತೆ. ಮುಕ್ಕಾಲು ಗಂಟೆ ಆಗಿರಬಹುದು. ಮೂವರೂ ಬಂದರು, ಒದ್ದೆ ಮುದ್ದೆಯಾಗಿ. ಹುಡುಗಿ ವಾರದಲ್ಲಿ ಹುಷಾರಾದಳು. ನನಗೆ ಮಾತ್ರ ಆಮೇಲೆ ಜೋರು ಮಳೆ ಬಂದ ದಿನವೆಲ್ಲಾ ಕೈ ನಡುಗುತ್ತಿತ್ತು. ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ಗೆ ಅರ್ಜಿ ಹಾಕಿದೆ.

ಇಷ್ಟೇ ನನ್ನ ಉತ್ತರ. ಇದರಲ್ಲಿ ನನ್ನ ತಪ್ಪು ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ಮಕ್ಕಳದ್ದು ಏನೂ ಇಲ್ಲ.

ಆದರೆ ಇಷ್ಟು ಜನ ಕೇಳಿದರಲ್ಲ, ‘ಈಗ ಆ ಮಕ್ಕಳ ಹತ್ತಿರ ಯಾರಿದ್ದಾರೆ?’ ಅಂತ ಒಬ್ಬರೂ ಕೇಳಲಿಲ್ಲ. ಅದನ್ನು ಕೇಳಿ.

ಇದ್ದಾಳೆ ಒಬ್ಬಳು. ಅದೇ ಊರಿನ ಹುಡುಗಿ, ಡಿ.ಎಡ್. ಮಾಡಿದವಳು. ಅತಿಥಿ ಶಿಕ್ಷಕಿ. ನಾನು ಬಿಡುವಾಗ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನ ಇತ್ತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಪ್ರತಿ ವರ್ಷ ಶಾಲೆ ಶುರುವಾದಾಗ ಮತ್ತೆ ಹೊಸದಾಗಿ ನೇಮಕ ಆಗಬೇಕು. ‘ಆಂಬೊ’ ಅಂದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಯಾವ ಮಗುವಿನ ತಾಯಿ ಯಾವ ಗದ್ದೆಯಲ್ಲಿದ್ದಾಳೆ ಅಂತಲೂ ಗೊತ್ತು. ನಾನು ಆರು ತಿಂಗಳು ಹೆಣಗಿದ ಕೆಲಸ ಅವಳಿಗೆ ಮೊದಲ ದಿನವೇ ಬರುತ್ತಿತ್ತು. ಅಂಥವಳನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಯಾಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ? ದಾಂಡೇಲಿಯ ಅಂಗಡಿಯೊಂದರಲ್ಲಿ ಜಾಸ್ತಿ ಸಂಬಳಕ್ಕೆ ಕರೆದಿದ್ದಾರಂತೆ. ಹೋದರೆ ನಾಳೆ ಅವಳಿಗೂ ಇದೇ ಪ್ರಶ್ನೆ ಕೇಳುತ್ತೀರಿ.

ಅವಳು ಭಾನುವಾರ ಗುಡ್ಡ ಹತ್ತಿ ನನಗೆ ಫೋನ್ ಮಾಡುತ್ತಾಳೆ. ಎರಡನೇ ಹುದ್ದೆ ಇನ್ನೂ ಖಾಲಿ. ಈ ಸಲ ಕೌನ್ಸೆಲಿಂಗ್‌ಗೆ ಹೋಗುವವರು ಪರದೆ ಮೇಲೆ ಜೋಯಿಡಾ ಅಂತ ಕಂಡ ತಕ್ಷಣ ಮುಂದೆ ಹೋಗಬೇಡಿ. ಮೊದಲು ನನ್ನನ್ನು ಕೇಳಿ. ಬಸ್ಸಿನ ಹೊತ್ತು, ಉಳಿಯಲು ಯಾರ ಮನೆಯಲ್ಲಿ ಕೋಣೆ ಕೇಳಬಹುದು, ಹಳ್ಳ ತುಂಬಿದಾಗ ಯಾವ ದಾರಿ ಹಿಡಿಯಬೇಕು, ಎಲ್ಲಾ ಹೇಳಿಕೊಡುತ್ತೇನೆ.