ಏರುತ್ತಲೇ ಹೋದ ಗೆರೆ

ಸಿಂಧನೂರು ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಾನು ಲೆಕ್ಕಿಗ. 2023ರ ಏಪ್ರಿಲ್‌ನಲ್ಲಿ ಬಜೆಟ್ ತಯಾರಿಸುವಾಗ ಅಧ್ಯಕ್ಷರು, "ಬರುವ ಮಾರ್ಚ್ ಹೊತ್ತಿಗೆ ಸದಸ್ಯರು ಎಷ್ಟಾಗುತ್ತಾರೆ, ಲೆಕ್ಕ ಹಾಕಿ ಕೊಡಿ" ಎಂದರು. ಮೂರು ವರ್ಷದ ಅಂಕಿಗಳನ್ನು ತಿಂಗಳವಾರು ಎಕ್ಸೆಲ್‌ಗೆ ಏರಿಸಿ, ಅಂಕಿಗಳು ಸಾಗುವ ದಿಕ್ಕು ತೋರಿಸುವ ಗೆರೆಯನ್ನು, ಅಂದರೆ ಟ್ರೆಂಡ್‌ಲೈನ್ ಎಳೆದೆ. ಸರಳರೇಖೆ ಹೊಂದಲಿಲ್ಲ, ಕೊನೆಯ ಕೆಲವು ಚುಕ್ಕಿಗಳು ಗೆರೆ ಬಿಟ್ಟು ಮೇಲೆ ಹೋಗಿದ್ದವು. ಬಾಗುವ ಗೆರೆ ಕೊಡುವ ಪಾಲಿನಾಮಿಯಲ್ ಆರಿಸಿದೆ. ಗೆರೆ ಬಾಗಿ ಅವುಗಳನ್ನೂ ಮುಟ್ಟಿತು. ಗೆರೆ ಚುಕ್ಕಿಗಳಿಗೆ ಎಷ್ಟು ಹೊಂದಿದೆ ಎಂದು ಹೇಳುವ ಆರ್-ಸ್ಕ್ವೇರ್ 0.98, ಪೂರ್ತಿ ಹೊಂದಿದರೆ 1. ಅಷ್ಟು ಅಚ್ಚುಕಟ್ಟಾಗಿ ಕೂತ ಗೆರೆಯನ್ನು ಅನುಮಾನಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆ ಅಂದಾಜು ನಂಬಿ ಷೇರು ಬಂಡವಾಳದ ಗುರಿ ಬರೆದೆವು, ಪಾಸ್‌ಬುಕ್ ಅಚ್ಚು ಹಾಕಿಸಿದೆವು, ಹೊಸ ಕೌಂಟರಿಗೆ ದಿನಗೂಲಿಯ ಮೇಲೆ ಒಬ್ಬ ಹುಡುಗಿಯನ್ನು ತೆಗೆದುಕೊಂಡೆವು.

ಜೂನ್‌ನಿಂದ ಹೊಸ ಅರ್ಜಿ ಬರುವುದೇ ಅಪರೂಪವಾಯಿತು. ಮಳೆ ತಡವಾಗಿದೆ ಎಂದೆ, ದಸರೆ ಕಳೆಯಲಿ ಎಂದೆ. ಆ ವರ್ಷ ಬರ. ತುಂಗಭದ್ರಾ ಜಲಾಶಯ ತುಂಬಲಿಲ್ಲ, ಅದರ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ. ಭತ್ತ ನಾಟಿ ಮಾಡದವರು ಬೆಳೆಸಾಲಕ್ಕೆಂದು ನಮ್ಮ ಬಾಗಿಲಿಗೆ ಏಕೆ ಬರುತ್ತಾರೆ?

ಡಿಸೆಂಬರಿನ ಮಂಡಳಿ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು, "ತಮ್ಮಾ, ಹೋದ ವರ್ಷದ ನವೆಂಬರಿನಿಂದ ಸೇರಿದವರಲ್ಲಿ ಸಾಲ ಎತ್ತಿದವರೆಷ್ಟು?" ಎಂದು ಕೇಳಿದರು. ವಹಿ ತೆರೆದೆ. ಹಾಳೆ ಮಗುಚಿದೆ, ಇನ್ನೊಂದು ಮಗುಚಿದೆ. ಸಾಲದ ಅಂಕಣ ಖಾಲಿ. ಯಾರೂ ಮಾತಾಡಲಿಲ್ಲ. ಅರ್ಜಿಗಳ ಕಟ್ಟು ತರಲು ಹೇಳಿದರು. ತಂದು ಬಿಚ್ಚಿದರೆ ಒಂದೊಂದಕ್ಕೂ ಪಡಿತರ ಚೀಟಿಯ ನಕಲು ಪಿನ್ ಮಾಡಿದೆ, ಮೂಲೆಯಲ್ಲಿ ನನ್ನದೇ ಕೈಬರಹ: "ಯಶಸ್ವಿನಿ".

2018ರಲ್ಲಿ ನಿಂತಿದ್ದ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ 2022ರ ನವೆಂಬರಿನಲ್ಲಿ ಮತ್ತೆ ಶುರುವಾಗಿತ್ತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಸಹಕಾರ ಸಂಘದ ಸದಸ್ಯರಾಗಿರಬೇಕು. ಆ ದಿನಗಳಲ್ಲಿ ಕತ್ತಲಾಗುವವರೆಗೂ ಕೂತು ಅರ್ಜಿ ತೆಗೆದುಕೊಂಡವನು ನಾನೇ. ತಾಯಿಯ ಮೊಣಕಾಲು ತೋರಿಸಲು ರಾಯಚೂರಿಗೆ ಹೋಗಬೇಕು, ಇವತ್ತೇ ಮಾಡಿಕೊಡಿ ಎಂದು ಒಬ್ಬರು ಕೈಮುಗಿದಿದ್ದರು. ಎಲ್ಲವೂ ನನ್ನ ನೆನಪಿನಲ್ಲಿತ್ತು. ಗೆರೆ ಎಳೆಯುವಾಗ ಮಾತ್ರ ಅವರನ್ನು ಬರೀ ಚುಕ್ಕಿಗಳನ್ನಾಗಿ ನೋಡಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಆ ರಾತ್ರಿ ಸಿಕ್ಕಿತು. ನಾನು ಗೆರೆ ಎಳೆದದ್ದು ಒಟ್ಟು ಸದಸ್ಯರ ಸಂಖ್ಯೆಗೆ. ತೀರಿಕೊಂಡವರ ಹೆಸರನ್ನೂ ತೆಗೆಯದ ನಮ್ಮ ವಹಿಯಲ್ಲಿ ಒಟ್ಟು ಸಂಖ್ಯೆಗೆ ಇಳಿಯುವ ದಾರಿಯೇ ಇಲ್ಲ. ಸದಾ ಏರುವ ಅಂಕಿಗೆ ಏರುಗೆರೆ ಹೊಂದಿತೆಂದರೆ ಅದರಲ್ಲಿ ತಿಳಿಯುವುದೇನಿದೆ? ಆಯಾ ತಿಂಗಳು ಹೊಸದಾಗಿ ಸೇರಿದವರನ್ನಷ್ಟೇ ಹಾಕಿ ನೋಡಿದೆ. ಕೆಲವೇ ತಿಂಗಳ ಒಂದು ಗುಡ್ಡ, ಆಚೀಚೆ ಬಯಲು. ಆ ಗುಡ್ಡದ ಏರನ್ನೇ ನನ್ನ ಪಾಲಿನಾಮಿಯಲ್ ಮುಂದಿನ ಮಾರ್ಚ್‌ವರೆಗೂ ಎಳೆದುಕೊಂಡು ಹೋಗಿತ್ತು.

ಈಗ ಸಾಲಕ್ಕೆ ಸೇರಿದವರನ್ನೂ ಯಶಸ್ವಿನಿಗೆ ಸೇರಿದವರನ್ನೂ ಬೇರೆ ಬೇರೆ ಬರೆಯುತ್ತೇನೆ, ನೀರು ಬಂದರೆ ಇಷ್ಟು, ಬರದಿದ್ದರೆ ಇಷ್ಟು ಎಂದು ಎರಡು ಅಂಕಿ ಕೊಡುತ್ತೇನೆ. ಬಜೆಟ್ ನಮೂನೆಯಲ್ಲಿ ಇರುವುದು ಒಂದೇ ಅಂಕಣ. ಪ್ರತಿ ವರ್ಷ ಅದಕ್ಕಾಗಿ ವಾದ ಮಾಡಬೇಕಾಗಿದೆ.

ಜನವರಿಯಲ್ಲಿ ಆ ಹುಡುಗಿಗೆ ನಾಳೆಯಿಂದ ಕೆಲಸವಿಲ್ಲ ಎಂದು ಹೇಳುವ ಹೊಣೆ ನನಗೇ ಬಂತು. ಕೌಂಟರಿನ ಕೀಲಿ ಮೇಜಿನ ಮೇಲಿಟ್ಟು, "ಸರ್, ನನ್ನಿಂದ ಏನಾದರೂ ತಪ್ಪಾಯಿತೇ?" ಎಂದಳು. ಇಲ್ಲಮ್ಮಾ, ಲೆಕ್ಕ ತಪ್ಪಿದವನು ನಾನು ಎಂದೆ. ಆ ಮಾತನ್ನು ಮುಂದಿನ ಸಭೆಯ ನಡಾವಳಿಯಲ್ಲಿಯೂ ಬರೆಸಿದೆ.